ಪ್ರವಾಸಕ್ಕೆ ಸೂಟ್‌ಕೇಸ್ ಬೇಡ, ಶಾಲೆಯ ಚೀಲವೇ ಸಾಕು

 

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದಲು ನಮ್ಮ ಶಾಲೆಯಲ್ಲಿ ಒಂದು ಬೀರು ತುಂಬ ಪುಸ್ತಕಗಳಿವೆ. ದೇಶ ಸುತ್ತಲು ವರ್ಷಕ್ಕೊಂದು ಪ್ರವಾಸ ಇದೆ. ಆದರೆ ಸುತ್ತಲು ಹೋಗುವಾಗ ಹೆಗಲ ಮೇಲೆ ಎಷ್ಟು ಭಾರ ಇರಬೇಕು ಎಂದು ಯಾವ ಹಿರಿಯರೂ ಹೇಳಿದ ಹಾಗಿಲ್ಲ. ಆದ್ದರಿಂದ ಈ ಕಿರಿಯನೇ ಹೇಳಬೇಕಾಗಿ ಬಂದಿದೆ. ಇನ್ನು ಸ್ವಲ್ಪ ದಿನದಲ್ಲಿ ಹೆಡ್‌ಮಾಸ್ಟರ್ ಸಾಹೇಬರು ಈ ವರ್ಷದ ಪ್ರವಾಸದ ನೋಟೀಸು ಹಾಕುತ್ತಾರೆ. ಅದಕ್ಕೆ ಮುಂಚೆ ನನ್ನ ಅಭಿಪ್ರಾಯವನ್ನು ಈ ಗೋಡೆಗೆ ಅಂಟಿಸುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ, ಸರಿ ಇದ್ದರೆ ದಯವಿಟ್ಟು ಜಾರಿಗೆ ತನ್ನಿ.

ನನ್ನ ಅಭಿಪ್ರಾಯ ಇಷ್ಟೇ. ಪ್ರವಾಸಕ್ಕೆ ಯಾರೂ ಸೂಟ್‌ಕೇಸ್ ತರಬಾರದು. ದಿನಾ ಶಾಲೆಗೆ ತರುವ ಚೀಲವನ್ನೇ ಎಲ್ಲರೂ ತರಬೇಕು. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ.

ಹೋದ ವರ್ಷ ನಾವು ದಾವಣಗೆರೆ, ಹರಿಹರಕ್ಕೆ ಹೋಗಿದ್ದು ನಿಮಗೆಲ್ಲ ನೆನಪಿದೆ. ಎರಡು ದಿನ, ಒಂದೇ ರಾತ್ರಿ. ಜಗಳೂರು ತಾಲ್ಲೂಕಿನ ನಮ್ಮಂಥ ಹಳ್ಳಿಯವರಿಗೆ ಅದೇ ದೊಡ್ಡ ಪ್ರವಾಸ. ಪ್ರವಾಸ ಗೊತ್ತಾದ ದಿನದಿಂದಲೇ ನಾನು ಅಮ್ಮನಿಗೆ ಕಾಟ ಕೊಟ್ಟು, ದಾವಣಗೆರೆಯಲ್ಲಿರುವ ನಮ್ಮ ಮಾವನ ಮನೆಯಿಂದ ಸೂಟ್‌ಕೇಸ್ ತರಿಸಿದೆ. ಅದು ಮಾವನ ಮದುವೆಯಲ್ಲಿ ಬಂದದ್ದು. ಕಪ್ಪು ಬಣ್ಣ, ಎರಡು ಕಡೆ ಬೀಗ, ಒಳಗೆ ಮಿರಿಮಿರಿ ಬಟ್ಟೆ. ಒಂದು ವಾರ ಪೂರ್ತಿ ನಾನು ತರಗತಿಯಲ್ಲಿ ಅದರದ್ದೇ ಮಾತು ಆಡಿದೆ. ನನ್ನ ನೋಡಿ ಇನ್ನೊಬ್ಬ ಚಕ್ರದ ಬ್ಯಾಗ್ ಹುಡುಕಿದ, ಅವನ ನೋಡಿ ಮತ್ತೊಬ್ಬ ಜಗಳೂರಿಗೆ ಹೋಗಿ ಹೊಸದೇ ತಂದ. ಊರಿಗೆ ಬಂದ ಕಾಯಿಲೆ ಹಾಗೆ ತರಗತಿಗೆಲ್ಲ ಸೂಟ್‌ಕೇಸ್ ಹಬ್ಬಿತು.

ನನ್ನ ಪೆಟ್ಟಿಗೆಯಲ್ಲಿ ಏನೇನಿತ್ತು ಎಂದು ನಾಚಿಕೆ ಬಿಟ್ಟು ಬರೆಯುತ್ತೇನೆ. ನಾಲ್ಕು ಜೊತೆ ಪ್ಯಾಂಟು ಶರ್ಟು, ಸ್ವೆಟರ್, ದಪ್ಪ ಟರ್ಕಿ ಟವೆಲ್, ಹೊದಿಕೆ, ಹೊಸ ಬೂಟು, ಕನ್ನಡಿ, ಪೌಡರ್ ಡಬ್ಬಿ, ತುಂಬಿದ ಕೊಬ್ಬರಿ ಎಣ್ಣೆ ಬಾಟಲಿ, ಗಣಿತದ ಗೈಡು, ಕ್ರಿಕೆಟ್ ಚೆಂಡು, ಶೇಂಗಾ ಉಂಡಿ, ಚಕ್ಕುಲಿ, ಚಟ್ನಿಪುಡಿ, ದಿಂಬಿನಷ್ಟು ದೊಡ್ಡ ಕವರಿನಲ್ಲಿ ಖಾರ ಮಂಡಕ್ಕಿ. ಮಂಡಕ್ಕಿ ಭಟ್ಟಿಗಳಿರುವ ದಾವಣಗೆರೆಗೇ ನಾನು ಮಂಡಕ್ಕಿ ಹೊತ್ತುಕೊಂಡು ಹೊರಟಿದ್ದೆ! ನಮ್ಮೂರ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟರೆ 13 ಕೆ.ಜಿ. ಬಂತು. ನನ್ನ ತೂಕ ಆಗ 39 ಕೆ.ಜಿ. ಅಂದರೆ ನನ್ನ ಮೂರರಲ್ಲೊಂದು ಭಾಗವನ್ನು ಕೈಯಲ್ಲಿ ನೇತುಹಾಕಿಕೊಂಡು ಹೊರಟಂತಾಯಿತು. ಗಣಿತದ ಗೈಡನ್ನು ಎರಡು ದಿನವೂ ತೆರೆಯಲಿಲ್ಲ ಎಂದು ಗಣಿತದ ಸಾರ್ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಖಾಸಗಿ ಬಸ್ ಮಾಡಿದರೆ ದುಡ್ಡು ಜಾಸ್ತಿ ಆಗುತ್ತದೆಂದು ನಾವು ಸಾಮಾನ್ಯ ಬಸ್ಸಿನಲ್ಲೇ ಹೋದೆವು. ದಾವಣಗೆರೆಯಲ್ಲಿ ಇಳಿದು ಗಾಜಿನ ಮನೆಗೆ ಹೋಗಲು ಇನ್ನೊಂದು ಬಸ್ ಹತ್ತಿದಾಗ ನಡುವಿನ ದಾರಿ ತುಂಬ ನಮ್ಮವೇ ಪೆಟ್ಟಿಗೆಗಳು. ಒಬ್ಬ ಅಜ್ಜಿ, "ಇದೇನಪ್ಪ ಮದುವಿ ದಿಬ್ಬಣನಾ?" ಅಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಇಳಿಯುವಾಗ ಆ ಅಜ್ಜಿ ನಮ್ಮ ಪೆಟ್ಟಿಗೆ ದಾಟಲಾರದೆ ಕಂಬಿ ಹಿಡಿದು ನಿಂತಾಗ ನಗು ಬರಲಿಲ್ಲ.

ಒಂದು ಲೆಕ್ಕ ಮಾಡೋಣ. ನಾವು ಹೋದವರು 38 ಜನ. ಒಬ್ಬೊಬ್ಬರದು 10 ಕೆ.ಜಿ. ಎಂದು ಹಿಡಿದರೂ 380 ಕೆ.ಜಿ. ಆಯಿತು. ಒಂದು ಸಿಮೆಂಟ್ ಚೀಲ 50 ಕೆ.ಜಿ. ಅಂದರೆ ಏಳೂವರೆ ಚೀಲಕ್ಕಿಂತ ಹೆಚ್ಚು ಸಿಮೆಂಟನ್ನು ನಾವು ಗಾಜಿನ ಮನೆ ತೋರಿಸಲು ಕರೆದುಕೊಂಡು ಹೋಗಿದ್ದೆವು! ಒಬ್ಬೊಬ್ಬರು 4 ಕೆ.ಜಿ. ತಂದಿದ್ದರೆ 152 ಕೆ.ಜಿ. ಮಾತ್ರ. ಉಳಿದ 228 ಕೆ.ಜಿ. ಊರಲ್ಲೇ ಆರಾಮಾಗಿ ಮಲಗಿರುತ್ತಿತ್ತು.

ಅಂದು ಮಧ್ಯಾಹ್ನ ಕೊಂಡಜ್ಜಿಗೆ ಹೋದೆವು. ಅಲ್ಲಿ ಕೆರೆ ಇದೆ, ಗುಡ್ಡ ಇದೆ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇದೆ. ಯಾವುದೋ ಊರಿನ ಸ್ಕೌಟ್ ಹುಡುಗರು ಶಿಬಿರಕ್ಕೆ ಬರುತ್ತಿದ್ದರು. ಒಬ್ಬೊಬ್ಬರ ಬೆನ್ನಿಗೆ ಒಂದೊಂದೇ ಚೀಲ. ಎರಡೂ ಕೈ ಖಾಲಿ. ಹಾಡು ಹೇಳುತ್ತಾ ಗುಡ್ಡದ ಕಡೆ ಹೋದರು. ನಾವು ಕೈ ಬದಲಿಸುತ್ತಾ, ಉಸ್ಸಪ್ಪಾ ಅನ್ನುತ್ತಾ ಮರದ ಕೆಳಗೆ ಕೂತೆವು. ಅವರು ನಮಗಿಂತ ಹೆಚ್ಚು ದಿನ ಇರಲು ಬಂದವರು ಎಂದು ಆಮೇಲೆ ಗೊತ್ತಾಯಿತು.

ರಾತ್ರಿ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ ಮಲಗಿದೆವು. ಬೆಳಿಗ್ಗೆ ಅಲ್ಲಿ ಮದುವೆ ಇದ್ದಿದ್ದರಿಂದ ಬೇಗ ಬಿಟ್ಟುಕೊಡಬೇಕಾಯಿತು. ಪೆಟ್ಟಿಗೆಗಳ ಸಮೇತ ಹರಿಹರೇಶ್ವರ ದೇವಸ್ಥಾನದ ಹತ್ತಿರ ಬಂದೆವು. ಇಷ್ಟೊಂದು ಸಾಮಾನು ಒಳಗೆ ಒಯ್ಯುವ ಹಾಗಿಲ್ಲ. ನಾಲ್ಕು ಜನ ಹೊರಗೆ ಕಾಯಲಿ, ಒಂದು ತಂಡ ಬಂದ ಮೇಲೆ ಅವರು ಹೋಗಲಿ ಎಂದು ಸಾರ್ ಹೇಳಿದರು. ಅತಿ ದೊಡ್ಡ ಪೆಟ್ಟಿಗೆ ನನ್ನದೇ ಆದ್ದರಿಂದ ನಾನೂ ಕಾಯುವವನಾದೆ. ಹೋದವರು ಬರುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು. ನಾನು ಒಳಗೆ ಹೋಗಲೇ ಇಲ್ಲ. ಹೊಯ್ಸಳ ಎರಡನೇ ವೀರನರಸಿಂಹನ ದಂಡನಾಯಕ ಪೋಲಾಳ್ವ ಸುಮಾರು 1224ರಲ್ಲಿ ಕಟ್ಟಿಸಿದ ದೇವಸ್ಥಾನ ಅದು. ಎಂಟುನೂರು ವರ್ಷದಿಂದ ನಿಂತಿದೆ. ಅಲ್ಲಿವರೆಗೆ ಹೋಗಿ ನಾನು ನೋಡಿದ್ದು ನನ್ನ ಮಾವನ ಸೂಟ್‌ಕೇಸನ್ನು.

ಪ್ರವಾಸ ಕಥನ ಬರೆಯಿರಿ ಎಂದಾಗ ದೇವಸ್ಥಾನದ ಬಗ್ಗೆ ಎರಡು ಪುಟ ಬರೆದು ಒಳ್ಳೆಯ ಅಂಕ ತಗೊಂಡೆನಲ್ಲ, ಅದು ಪಕ್ಕದ ಬೆಂಚಿನ ಗೆಳೆಯ ಹೇಳಿದ್ದು. ಕನ್ನಡ ಮೇಡಂ ಅವರು ಬೇಕಾದರೆ ಆ ಅಂಕ ವಾಪಸ್ ತಗೊಳ್ಳಲಿ. ಅಲ್ಲಿನ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ ಅಂತೆ. ಇಬ್ಬರು ದೇವರು ಒಂದೇ ಮೂರ್ತಿಯಲ್ಲಿ ಹೊಂದಿಕೊಂಡಿದ್ದಾರೆ. ನಮಗೆ ಎರಡು ದಿನದ ಬಟ್ಟೆಯನ್ನು ಒಂದು ಚೀಲದಲ್ಲಿ ಹೊಂದಿಸಲು ಬರುವುದಿಲ್ಲವೇ?

ವಾಪಸ್ ಬರುವಾಗ ಹರಿಹರದ ಬಸ್ ನಿಲ್ದಾಣದಲ್ಲಿ ಸೂಟ್‌ಕೇಸಿನ ಹಿಡಿಕೆ ಕಿತ್ತು ಕೈಗೆ ಬಂತು. ತಲೆ ಮೇಲೆ ಹೊತ್ತೆ. ಒಳಗೆ ಎಣ್ಣೆ ಬಾಟಲಿ ಒಡೆದು ನಾಲ್ಕು ಜೊತೆ ಬಟ್ಟೆಗೂ ಅಭ್ಯಂಜನ ಆಗಿತ್ತು. ಮಂಡಕ್ಕಿಯೂ ಎಣ್ಣೆ ಕುಡಿದಿತ್ತು. ಆ ನಾಲ್ಕು ಜೊತೆಯಲ್ಲಿ ನಾನು ಹಾಕಿಕೊಂಡದ್ದು ಒಂದೇ.

ಮುಂದಿನ ಭಾನುವಾರ ಅಪ್ಪನ ಜೊತೆ ಸೂಟ್‌ಕೇಸ್ ಕೊಡಲು ದಾವಣಗೆರೆಗೆ ಹೋದೆ. ನಮ್ಮ ಮಾವ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಾನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆವರೆಗೂ ಚೀಲ ಹೊರುತ್ತಾನೆ. ಹಿಡಿಕೆ ಕಿತ್ತದ್ದಕ್ಕೆ ಬೈತಾನೆ ಅಂತ ಹೆದರಿದ್ದೆ. ಅವನು ನಕ್ಕು ಹೇಳಿದ: "ಚೀಲ ತುಂಬೋದು ಸುಲಭ ಐತಿ, ಹೊರೋದು ಕಷ್ಟ. ತುಂಬಿದವನೇ ಒಂದ್ಸಲ ಹೊತ್ತು ನೋಡ್ಬೇಕು. ಆಗ ಏನು ಬೇಕು ಏನು ಬ್ಯಾಡ ಅಂತ ಬೆನ್ನೇ ಹೇಳ್ತತಿ."

ಆಮೇಲೆ ಅವನು ನೆಲದ ಮೇಲೆ ಸಾಮಾನು ಹರಡಿ ತುಂಬುವುದನ್ನು ಕಲಿಸಿದ. ಅದನ್ನು ನಿಮಗೂ ಹೇಳುತ್ತೇನೆ.

1. ಹಿಂದಿನ ದಿನ ಎಲ್ಲವನ್ನೂ ಚಾಪೆ ಮೇಲೆ ಇಡಿ. ಒಂದೊಂದನ್ನೂ ಎತ್ತಿ "ಇದು ಯಾವ ಹೊತ್ತಿಗೆ ಬೇಕು?" ಎಂದು ಕೇಳಿಕೊಳ್ಳಿ. ಹೊತ್ತು ಹೇಳಲಾಗದಿದ್ದರೆ ಅದು ಬೇಡ. "ಬೇಕಾದರೂ ಬೇಕಾಗಬಹುದು" ಎಂಬ ಮಾತೇ 5 ಕೆ.ಜಿ. ತೂಗುತ್ತದೆ.

2. ಬಟ್ಟೆಯನ್ನು ಮಡಚಿ ಒಂದರ ಮೇಲೊಂದು ಇಡುವ ಬದಲು ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ. ಸುರುಳಿಗಳು ಸಂದಿಗಳಲ್ಲಿ ಕೂರುತ್ತವೆ, ಗೆರೆ ಗೆರೆ ಸುಕ್ಕೂ ಕಡಿಮೆ.

3. ಭಾರದ ವಸ್ತು ಬೆನ್ನಿಗೆ ಹತ್ತಿರ ಇರಲಿ, ಹಗುರವಾದದ್ದು ಹೊರಗಡೆ ಇರಲಿ. ಇದು ವಿಜ್ಞಾನದಲ್ಲಿ ಓದಿದ ಸನ್ನೆಯ ಪಾಠವೇ. ಭಾರ ಬೆನ್ನಿನಿಂದ ದೂರ ಹೋದಷ್ಟೂ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಸೂಟ್‌ಕೇಸ್ ಒಂದೇ ಕೈಯಲ್ಲಿ ಇರುವುದರಿಂದ ಮೈ ಇನ್ನೊಂದು ಕಡೆ ವಾಲುತ್ತದೆ. ಎರಡು ಹೆಗಲಿನ ಚೀಲ ಹಾಗೆ ಮಾಡುವುದಿಲ್ಲ.

4. ಖಾಲಿ ಜಾಗ ಬಿಡಬೇಡಿ. ಲೋಟದೊಳಗೆ ಸೋಪಿನ ಡಬ್ಬಿ, ಡಬ್ಬಿಯ ಪಕ್ಕ ಕಾಲುಚೀಲ. ಬೂಟನ್ನು ಕಾಲಿಗೆ ಹಾಕಿಕೊಂಡೇ ಹೋಗಿ, ಚೀಲದಲ್ಲಿ ಅದಕ್ಕೆ ಜಾಗವಿಲ್ಲ.

5. ತೂಕ ಬೇರೆ, ಗಾತ್ರ ಬೇರೆ. ಮಂಡಕ್ಕಿ ಹಗುರ, ಆದರೆ ಜಾಗ ನುಂಗುತ್ತದೆ. ಗೈಡು ಸಣ್ಣದು, ಆದರೆ ಕಲ್ಲು. ಎರಡೂ ಲೆಕ್ಕ ನೋಡಬೇಕು. ಸಾಂದ್ರತೆ ಎಂದು ವಿಜ್ಞಾನದ ಸಾರ್ ಬೋರ್ಡಿನ ಮೇಲೆ ಬರೆದಾಗ ನನಗೆ ಅರ್ಥ ಆಗಿರಲಿಲ್ಲ, ಮಂಡಕ್ಕಿ ಅರ್ಥ ಮಾಡಿಸಿತು.

6. ಎಣ್ಣೆಯನ್ನು ಔಷಧಿಯ ಸಣ್ಣ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಕವರಿನಲ್ಲಿ ಕಟ್ಟಿ, ನಿಲ್ಲಿಸಿ ಇಡಿ. ಟರ್ಕಿ ಟವೆಲ್ ಬದಲು ತೆಳ್ಳನೆ ಪಂಜೆ ತನ್ನಿ. ಬೇಗ ಒಣಗುತ್ತದೆ, ಹೊದೆಯಲೂ ಬರುತ್ತದೆ, ಬಿಸಿಲಿಗೆ ತಲೆಗೂ ಆಗುತ್ತದೆ.

7. ಮೊದಲು ಬೇಕಾಗುವ ನೀರು, ಮಾತ್ರೆ, ನೋಟ್‌ಬುಕ್ಕು ಎಲ್ಲಕ್ಕಿಂತ ಮೇಲಿರಲಿ. ಒದ್ದೆ ಬಟ್ಟೆಗೆ ಒಂದು ಖಾಲಿ ಕವರ್ ಇರಲಿ. ಚೀಲದ ಕಾಲು ಭಾಗ ಖಾಲಿ ಇಡಿ. ಬರುವಾಗ ತಂಗಿಗೆ ಏನಾದರೂ ತರಬೇಕಲ್ಲ!

ಹೆಣ್ಣುಮಕ್ಕಳಿಗೆ ಬೇರೆ ಅಗತ್ಯಗಳೂ ಇರುತ್ತವೆ. ಅದನ್ನು ಮೇಡಂ ಅವರೇ ಹೇಳಿದರೆ ಚೆನ್ನ.

ಕೆಲವರು ಹೇಳಬಹುದು: "ಬಸ್ಸಿನಲ್ಲಿ ದೊಡ್ಡವರಿಗೆ 30 ಕೆ.ಜಿ., ಮಕ್ಕಳಿಗೆ 15 ಕೆ.ಜಿ. ಬಿಟ್ಟಿ ಒಯ್ಯಬಹುದು, ರೈಲಿನ ಎರಡನೇ ದರ್ಜೆಯಲ್ಲಿ 35 ಕೆ.ಜಿ. ಬಿಡುತ್ತಾರೆ, ನಿನ್ನದೇನು ತಕರಾರು?" ಬಿಡುತ್ತಾರೆ ನಿಜ. ಆದರೆ ಬಸ್ಸು ಹೊರುವುದು ಬಸ್ ಹತ್ತಿದ ಮೇಲೆ. ಇಳಿದ ಮೇಲೆ ಹೊರುವವರು ನಾವು. ನಮ್ಮ ರಾಜ್ಯದ ಶಿಕ್ಷಣ ಇಲಾಖೆಯೇ 2019ರಲ್ಲಿ 9 ಮತ್ತು 10ನೇ ತರಗತಿಯವರ ಚೀಲ 4ರಿಂದ 5 ಕೆ.ಜಿ. ಮೀರಬಾರದು ಎಂದು ಆದೇಶ ಮಾಡಿದೆ. ಪಾಠಕ್ಕೆ 5 ಕೆ.ಜಿ. ಸಾಕಾದರೆ ಆಟಕ್ಕೆ 13 ಯಾಕೆ?

ಇನ್ನು ಕೆಲವರು "ಚಕ್ರದ ಬ್ಯಾಗ್ ಇದ್ದರೆ ಭಾರವೇ ಇಲ್ಲ" ಅನ್ನಬಹುದು. ಒಂದು ಸಾಮಾನ್ಯ ಜ್ಞಾನದ ಮಾತು ಹೇಳುತ್ತೇನೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬುವರಿಗೆ ಚಕ್ರದ ಸೂಟ್‌ಕೇಸಿನ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಅವರು ವಿಮಾನ ನಿಲ್ದಾಣದ ನುಣುಪಾದ ನೆಲ ನೋಡಿದವರು, ನಮ್ಮೂರ ಅಗಸೆಯಿಂದ ಬಸ್ ನಿಲ್ಲುವ ಜಾಗದವರೆಗಿನ ದಾರಿ ನೋಡಿದವರಲ್ಲ. ಹೋದ ವರ್ಷ ಆ ದಾರಿಯಲ್ಲೇ ಮೂರು ಬ್ಯಾಗಿನ ಚಕ್ರ ಕಳಚಿದವು. ಕಳಚಿದ ಮೇಲೆ ಅವು ಸೂಟ್‌ಕೇಸಿಗಿಂತ ಕಡೆ.

ಇಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ನಾವು 39 ಜನ ಹೋಗಬೇಕಿತ್ತು. ಒಬ್ಬ ಬರಲಿಲ್ಲ. ಪ್ರವಾಸದ ದುಡ್ಡನ್ನು ಎಲ್ಲರಿಗಿಂತ ಮೊದಲು ಕಟ್ಟಿದವನು ಅವನು. ರಜಾ ದಿನಗಳಲ್ಲಿ ಶೇಂಗಾ ಬಿಡಿಸಲು ಹೋಗಿ ಕೂಡಿಸಿದ ದುಡ್ಡು. ಎರಡು ದಿನ ಇರುವಾಗ "ಅಜ್ಜಿಗೆ ಹುಷಾರಿಲ್ಲ" ಎಂದು ಹೇಳಿ ದುಡ್ಡು ವಾಪಸ್ ತಗೊಂಡ. ನಾವೂ ನಂಬಿದೆವು, ಸಾರ್ ಕೂಡ ನಂಬಿದರು.

ಬೇಸಿಗೆ ರಜೆಯಲ್ಲಿ ಒಂದು ದಿನ ನಾವಿಬ್ಬರೂ ಎಮ್ಮೆ ಮೈ ತೊಳೆಯಲು ಹೋಗಿದ್ದೆವು. ನಾನು ಸೂಟ್‌ಕೇಸ್ ಹಿಡಿಕೆ ಕಿತ್ತ ಕತೆ ಹೇಳಿ ನಗಿಸುತ್ತಿದ್ದೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ನಮ್ಮನ್ಯಾಗ ಗೊಬ್ಬರದ ಚೀಲದಾಗ ಹೊಲಿದ ಕೈಚೀಲ ಒಂದೇ ಇತ್ತಲೇ. ನೀವೆಲ್ಲ ಪೆಟ್ಟಿಗಿ ಪೆಟ್ಟಿಗಿ ಅಂತಿದ್ರಿ. ಅದನ್ನ ಹಿಡ್ಕಂಡು ಹೆಂಗ್ ಬರ್ಲಿ? ಅಜ್ಜಿ ಚೆಂದಾಗೇ ಇದ್ಲು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಒಂದು ವಾರ ತರಗತಿಯಲ್ಲಿ ಪೆಟ್ಟಿಗೆ ಪೆಟ್ಟಿಗೆ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಅದೂ ಇನ್ನೊಬ್ಬರಿಂದ ಕೇಳಿ ತಂದ ಪೆಟ್ಟಿಗೆ! ನಾನು ತಪ್ಪಿಸಿಕೊಂಡದ್ದು ಒಂದು ದೇವಸ್ಥಾನ. ಅವನು ತಪ್ಪಿಸಿಕೊಂಡದ್ದು ಪೂರ್ತಿ ಪ್ರವಾಸ. ಅವನ ಹೆಸರು ನಾನು ಬರೆಯುವುದಿಲ್ಲ, ಯಾರೂ ಕೇಳಬೇಡಿ, ಊಹೆಯೂ ಮಾಡಬೇಡಿ. ಅವನನ್ನು ಕೇಳಿ, ಅವನು "ಬರಿ" ಅಂದ ಮೇಲೆಯೇ ಬರೆದಿದ್ದೇನೆ.

ಆದ್ದರಿಂದ ಗುರುಗಳಲ್ಲಿ ನನ್ನ ಬೇಡಿಕೆಗಳು ಇವು.

ಒಂದು: ನೋಟೀಸಿನಲ್ಲೇ "ಶಾಲೆಯ ಚೀಲ ಮಾತ್ರ" ಎಂದು ಬರೆಯಬೇಕು. ಅದು ಎಲ್ಲರ ಹತ್ತಿರವೂ ಇದೆ. ಹಿಂದಿನ ದಿನ ಬಿಸಿಯೂಟದ ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಬೇಕು. 4 ಕೆ.ಜಿ. ಮೀರಿದರೆ ಅಲ್ಲೇ ಇಳಿಸಬೇಕು.

ಎರಡು: ಎರಡೂ ದಿನ ಸಮವಸ್ತ್ರ. ಹೊಸ ಬಟ್ಟೆಯಲ್ಲಿ ಫೋಟೋ ತೆಗೆಸಿಕೊಳ್ಳುವ ಆಸೆ ನನಗೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಜಾತ್ರೆಯಂಥ ಗದ್ದಲದಲ್ಲಿ ನಮ್ಮನ್ನು ಎಣಿಸಲು ಸಾರ್ ಅವರಿಗೂ ಸಮವಸ್ತ್ರವೇ ಅನುಕೂಲ. ಹೊಸ ಬಟ್ಟೆಗೆ ಯುಗಾದಿ ಇದ್ದೇ ಇದೆ.

ಮೂರು: ಪೇಸ್ಟು, ಎಣ್ಣೆ, ಕನ್ನಡಿ, ಹಗ್ಗ ಐದು ಜನಕ್ಕೆ ಒಂದೊಂದು ಸಾಕು. ಔಷಧಿ ಪೆಟ್ಟಿಗೆ ಶಾಲೆಯದ್ದು ಇರಲಿ. ಚಳಿಗೆ ಹೊದಿಕೆಗಳನ್ನು ಒಂದೇ ಗಂಟು ಕಟ್ಟಿ ಸರದಿ ಮೇಲೆ ಹೊರೋಣ.

ನಾಲ್ಕು: ಬುತ್ತಿಯನ್ನು ಎಲ್ಲರದೂ ಒಂದು ಕಡೆ ಸೇರಿಸಿ ಹಂಚಬೇಕು. ಯಾರು ಏನು ತಂದರು, ಯಾರು ತರಲಿಲ್ಲ ಎಂಬ ಮಾತೇ ಬರಬಾರದು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಗಾದೆ ಇದೆ. ಬೆನ್ನು ಇದ್ದಷ್ಟು ಚೀಲ ತುಂಬು ಎಂದು ನಾನು ಅದಕ್ಕೆ ಸೇರಿಸುತ್ತೇನೆ.

ನನ್ನ ಮಾತು ಬರೀ ಮಾತಾಗಬಾರದೆಂದು ನಿನ್ನೆ ನನ್ನ ಶಾಲೆಯ ಚೀಲದಲ್ಲಿ ಎರಡು ದಿನದ ಸಾಮಾನು ತುಂಬಿ ತಂದಿದ್ದೇನೆ. ಒಂದು ಜೊತೆ ಬಟ್ಟೆ, ಪಂಜೆ, ತಟ್ಟೆ, ಲೋಟ, ನೀರಿನ ಬಾಟಲಿ, ಸ್ವೆಟರ್, ನೋಟ್‌ಬುಕ್ಕು, ಬುತ್ತಿ. ಎಲ್ಲ ಸೇರಿ 3 ಕೆ.ಜಿ. 600 ಗ್ರಾಂ. ಹತ್ತನೇ ತರಗತಿಯ ಕೊಠಡಿಯಲ್ಲಿ ಕಿಟಕಿ ಪಕ್ಕ ಇಟ್ಟಿದ್ದೇನೆ. ಅನುಮಾನ ಇದ್ದವರು ಹೊತ್ತು ನೋಡಬಹುದು. ಉಂಡಿ ಮಾತ್ರ ಎಣಿಸಿ ಇಟ್ಟಿದ್ದೇನೆ, ಎಚ್ಚರಿಕೆ!

ಈ ವರ್ಷ ನಾವು 39 ಜನವೂ ಹೋಗಬೇಕು.

ಇಂತಿ ನಿಮ್ಮವನೇ ಆದ,
10ನೇ ತರಗತಿಯ ಒಬ್ಬ ವಿದ್ಯಾರ್ಥಿ